ಇಪ್ಪತ್ತೇಳನೇ ರೂಮಿನ ಬಿಸಿನೀರು

ಬಾಗಿಲು ಹಾಕ್ಕೊಂಡು ಬಂದು ಹತ್ತಿರ ಕೂತ್ಕೊಳ್ಳಿ. ಜೋರಾಗಿ ಹೇಳೋ ವಿಷಯ ಅಲ್ಲ ಇದು. ಹಿನಕಲ್‌ನಲ್ಲಿ ನಮ್ಮ ಮನೆಯಿಂದ ಮೂರನೇ ಮನೆ ಮರಿಸ್ವಾಮಿಯದು. ಅವನಿಗೆ ಆದದ್ದು. ಅವನ ಹೆಂಡತಿ ಶಿವನಂಜಮ್ಮ ಇನ್ನೂ ಇದ್ದಾಳೆ, ಬೇಕಾದ್ರೆ ಹೋಗಿ ಕೇಳಿ... ಆದರೆ ಸಂಜೆ ಮೇಲೆ ಕೇಳಬೇಡಿ, ಹೇಳೋದಿಲ್ಲ.

ಐವತ್ತೇಳನೇ ಇಸವಿ, ಪುಷ್ಯ ಮಾಸದ ಚಳಿ. ರಾತ್ರಿ ಹತ್ತೂವರೆ ಆಗಿತ್ತು. ಮರಿಸ್ವಾಮಿ ಹುಣಸೂರು ರಸ್ತೆಯಲ್ಲಿ ಒಬ್ಬನೇ ಊರ ಕಡೆ ನಡೆದು ಬರ್ತಿದ್ದ. ಕೈಯಲ್ಲಿ ಲಾಟೀನು. ಎಣ್ಣೆ ತಳ ಕಂಡು ಬತ್ತಿ ಕೆಂಪಗಾಗಿತ್ತು. ಕಾಲಲ್ಲಿ ಯಾವುದೋ ದೊರೆ ಬಿಟ್ಟುಹೋದ ಬೂಟ್ಸು, ಒಂದಳತೆ ದೊಡ್ಡದು. ನಡೆದ ಹಾಗೆಲ್ಲ ಟಪ್... ಸರ್... ಟಪ್... ಸರ್... ಅಂತ ಸದ್ದು. ಅದು ಬಿಟ್ಟರೆ ಇಡೀ ರಸ್ತೆಗೆ ಇನ್ನೊಂದು ಸದ್ದಿಲ್ಲ.

ಮಾವಿನ ತೋಟ ಮುಗಿಯೋ ಕಡೆ ರಸ್ತೆಗೆ ಅಂಟಿಕೊಂಡಂತೆ ಒಂದು ಬಾವಿ ಇತ್ತು. ಅಲ್ಲಿಗೆ ಬಂದಾಗ ರಾಟೆ ತಿರುಗಿದ ಸದ್ದು ಕೇಳಿಸಿತು.

ಕಿರ್ರ್... ಕಿರ್ರ್...

ಈ ಹೊತ್ತಲ್ಲಿ ಯಾರಪ್ಪ ನೀರು ಸೇದೋರು ಅಂತ ಲಾಟೀನು ಎತ್ತಿದ. ಬಾವಿ ಕಟ್ಟೆ ಪಕ್ಕ ಒಬ್ಬರು ನಿಂತಿದ್ರು. ಕಾಫಿ ಬಣ್ಣದ ಶಾಲು. ಎಡತೋಳಿನ ಮೇಲೆ ಮಡಿಸಿದ ಟವಲು.

"ಮರಿಸ್ವಾಮಿ..." ಪಿಸುಮಾತಲ್ಲಿ ಕರೆದ್ರು. "ಬೆಳಿಗ್ಗೆ ಬಿಸಿನೀರು ತರ್ತೀಯಲ್ಲ?"

"ಊಂ ಅಮ್ಮಾವ್ರೇ, ತತ್ತೀನಿ" ಅಂದ.

ಅಂದು ಮುಂದಕ್ಕೆ ನಡೆದೇಬಿಟ್ಟ. ಯಾಕೆ ಅಂದ್ರೆ, ಹದಿಮೂರು ವರ್ಷ ಅವನು ಆ ಮಾತಿಗೆ ಅದೇ ಉತ್ತರ ಕೊಟ್ಟವನು. ನಾಲಿಗೆ ತಾನಾಗೇ ಹೇಳಿಬಿಡ್ತು. ಹತ್ತು ಹನ್ನೆರಡು ಹೆಜ್ಜೆ ಹೋದ ಮೇಲೆ ಬೂಟ್ಸಿನ ಸದ್ದು ನಿಂತಿತು. ಅವನಿಗೇ ಗೊತ್ತಿಲ್ಲದ ಹಾಗೆ ಕಾಲು ನಿಂತಿದ್ವು.

ಅಮ್ಮಾವ್ರು ಇರೋದು ಹೋಟ್ಲಲ್ಲಿ. ಹೋಟ್ಲು ಇಲ್ಲಿಂದ ಒಂದು ಮೈಲಿ ಹಿಂದೆ. ಅವರಿಗೆ ಮೆಟ್ಟಿಲಿಳಿಯೋದೇ ಕಷ್ಟ...

ತಿರುಗಿ ನೋಡಿದ. ಕಟ್ಟೆ ಹತ್ತಿರ ಯಾರೂ ಇಲ್ಲ. ರಾಟೆಗೆ ಹಗ್ಗವೇ ಇರಲಿಲ್ಲ.

ಆ ಹೋಟ್ಲ ವಿಷಯ ಹೇಳದೆ ಇದು ಅರ್ಥ ಆಗಲ್ಲ. ಈಗಿನವರಿಗೆ ಅದರ ಹೆಸರೂ ಗೊತ್ತಿಲ್ಲ. ವೆಸ್ಟ್‌ಫೀಲ್ಡ್ ಹೋಟೆಲು ಅಂತ. ಊರಿನವರ ಬಾಯಲ್ಲಿ 'ದೊಡ್ಡೋಟ್ಲು'. ಮೈಸೂರು ಮುಗಿದು, ರಸ್ತೆಯ ಎರಡೂ ಕಡೆ ಹೊಲ ಶುರುವಾದ ಮೇಲೆ, ಹನ್ನೆರಡು ಎಕರೆ ತೋಟದ ನಡುವೆ ಇತ್ತು. ಕೆಳಗೆ ಹದಿನೆಂಟು ರೂಮು, ಮೇಲೆ ಹದಿನಾರು. ಮರದ ನೆಲ ಹಾಸಿದ ಡ್ಯಾನ್ಸ್ ಹಾಲು. ದಸರಾ ಬಂತಂದ್ರೆ ಮೂರು ತಿಂಗಳ ಮುಂಚೆಯೇ ರೂಮು ಖಾಲಿ ಇಲ್ಲ. ದೊರೆಗಳು, ಪ್ಲಾಂಟರುಗಳು, ಬೇರೆ ಸಂಸ್ಥಾನದ ಅತಿಥಿಗಳು... ಪೋರ್ಟಿಕೋದಲ್ಲಿ ಕಾರುಗಳ ಸಾಲು. ಅರವತ್ತು ಜನ ಕೆಲಸದವರು.

ಮರಿಸ್ವಾಮಿ ಅಲ್ಲಿ ಬಿಸಿನೀರಿನವನು. ಹಿಂದುಗಡೆ ಒಂದು ಶೆಡ್ಡು, ಅದರಲ್ಲಿ ಮೂರು ತಾಮ್ರದ ಹಂಡೆ. ಬೆಳಗಿನ ಜಾವ ಮೂರಕ್ಕೆ ಉರಿ ಹಾಕಬೇಕು. ಕಟ್ಟಡದ ಬೆನ್ನಿಗೆ ಸುರುಳಿ ಸುರುಳಿಯಾಗಿ ಕಬ್ಬಿಣದ ಮೆಟ್ಟಿಲು. ಸೀಮೆಎಣ್ಣೆ ಡಬ್ಬಕ್ಕೆ ಮರದ ಹಿಡಿ ಹೊಡೆದು, ಎರಡು ಕೈಗೆ ಎರಡು ಡಬ್ಬ ಹಿಡಿದು ಅದರಲ್ಲಿ ಹತ್ತಿ, ಪ್ರತಿ ರೂಮಿನ ಬಚ್ಚಲ ಹಿಂಬಾಗಿಲಲ್ಲಿ ನೀರಿಡಬೇಕು. ಗೆಸ್ಟುಗಳ ಕಣ್ಣಿಗೆ ಬೀಳಬಾರದು. ಇಪ್ಪತ್ತೆರಡು ವರ್ಷ ಹೀಗೇ. ಅವನ ಮುಖ ನೋಡಿದ ಗೆಸ್ಟುಗಳೇ ಕಡಿಮೆ.

ಸ್ವಾತಂತ್ರ್ಯ ಬಂದ ಮೇಲೆ ದೊರೆಗಳು ಹೊರಟರು. ಅವರನ್ನ ನೋಡೋಕೆ ಬರೋರೂ ನಿಂತರು. ಹೋಟ್ಲು ಮದ್ರಾಸಿನ ಒಂದು ಕಂಪನಿಯ ಕೈಗೆ ಹೋಯ್ತು. ಅಷ್ಟು ಹೊತ್ತಿಗೆ ಊರೊಳಗೆ, ಸ್ಟೇಷನ್ ಹತ್ತಿರ, ಬಸ್‌ಸ್ಟ್ಯಾಂಡ್ ಹತ್ತಿರ ಹೊಸ ಲಾಡ್ಜುಗಳು ಎದ್ದಿದ್ವು. ರೈಲಿಳಿದು ಅಲ್ಲೇ ಎದುರಿಗೆ ರೂಮು ಸಿಗೋವಾಗ, ಜಟಕಾ ಮಾಡ್ಕೊಂಡು ಹೊಲದ ನಡುವೆ ಯಾರು ಬರ್ತಾರೆ? ಮೊದಲು ಡ್ಯಾನ್ಸ್ ಹಾಲಿಗೆ ಬೀಗ ಬಿತ್ತು. ಆಮೇಲೆ ರೂಮುಗಳ ಕರೆಗಂಟೆ ಕೆಟ್ಟವು, ರಿಪೇರಿ ಮಾಡಿಸಲಿಲ್ಲ. ಉಳಿದ ಗೆಸ್ಟುಗಳು ನೀರು ಬೇಕಾದಾಗ ಬಚ್ಚಲಲ್ಲಿ ನಿಂತು ನೀರು ಹೋಗೋ ಕಬ್ಬಿಣದ ಪೈಪಿಗೆ ಚೊಂಬಿನಿಂದ ಬಡಿಯೋರು. ಕೆಳಗೆ ಶೆಡ್ಡಿಗೆ ಕೇಳಿಸೋದು. ಯಾವ ಪೈಪು ಅಂತ ಮರಿಸ್ವಾಮಿ ಕಣ್ಣು ಮುಚ್ಚಿ ಹೇಳೋನು. ಇಪ್ಪತ್ತೊಂದರದು ಒಡಕು ಸದ್ದು, ಠಪ್. ಮೂವತ್ತನಾಲ್ಕರದು ದೇವಸ್ಥಾನದ ಗಂಟೆ ಥರ. ಇಪ್ಪತ್ತೇಳರದು ಠಣ್ ಅಂತ ಎದ್ದು, ಕೊನೆಗೆ ಜುಯ್... ಅಂತ ಎಳೀತಿತ್ತು.

ಇಪ್ಪತ್ತೇಳು ರಮಾಮಣಿ ಅಮ್ಮನವರದು. ಅವರ ತಂದೆ ಅರಮನೆ ವೈದ್ಯರಾಗಿದ್ದವರು. ಇವರು ಮದುವೆ ಆಗಲಿಲ್ಲ, ದೊಡ್ಡ ಮನೆಗಳ ಹೆಣ್ಣುಮಕ್ಕಳಿಗೆ ಇಂಗ್ಲಿಷು, ಪಿಯಾನೋ ಹೇಳಿಕೊಡ್ತಿದ್ರು. ಅಣ್ಣ ಸುಂದರೇಶ ಮನೆ ಮಾರಿ ಬೆಂಗಳೂರಿಗೆ ಹೋದ ಮೇಲೆ ಇವರು ಒಂದು ಟ್ರಂಕು, ಒಂದು ಸ್ಟೌವ್ ತಂದು ಈ ಹೋಟ್ಲು ಸೇರಿದ್ರು. 'ಆರು ತಿಂಗಳಿಗೆ' ಅಂತ ಬಂದವರು ಹದಿಮೂರು ವರ್ಷ ಇದ್ರು. ಹೋಟ್ಲಿನ ಊಟ ಮುಟ್ತಿರಲಿಲ್ಲ. ಬೆಳಿಗ್ಗೆ ಐದಕ್ಕೆ ಒಂದು ಡಬ್ಬ ಬಿಸಿನೀರು, ಅಷ್ಟೇ ಅವರ ಬೇಡಿಕೆ. ಮರಿಸ್ವಾಮಿಯ ಮುಖ ನೋಡಿ ಮಾತಾಡಿಸಿದ ಗೆಸ್ಟು ಅವರೊಬ್ಬರೇ. ಹಿಂಬಾಗಿಲು ತೆಗೆದು "ಚಳಿ ಜಾಸ್ತಿ ಕಣಯ್ಯ ಇವತ್ತು, ಕಿವಿಗೆ ಬಟ್ಟೆ ಕಟ್ಟಿಕೋ" ಅನ್ನೋರು.

ಆ ಜನವರಿಯಲ್ಲಿ ಕಂಪನಿಯವರು ಕಾಗದ ಬರೆದ್ರು. ಹೋಟ್ಲು ಮುಚ್ಚಿ, ಸಾಮಾನು ಹರಾಜು ಹಾಕಿ ಅಂತ.

ಹರಾಜಿನ ದಿನ, ಅಂದ್ರೆ ಬಾವಿ ಹತ್ತಿರ ಆದದ್ದು ಹೇಳಿದೆನಲ್ಲ, ಅದೇ ದಿನ ಬೆಳಿಗ್ಗೆ, ಎತ್ತಿನ ಗಾಡಿಗಳು ಗೇಟಿನಿಂದ ಪೋರ್ಟಿಕೋವರೆಗೂ ನಿಂತಿದ್ವು. ಮಂಚ, ಬೀರು, ಕನ್ನಡಿ, ಎಲ್ಲದರ ಮೇಲೂ ಸೀಮೆಸುಣ್ಣದ ನಂಬರು. ಹರಾಜಿನವನು ಕೂಗೋದು, ಹಮಾಲಿಗಳು ಹೊರೋದು. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೇಳಕ್ಕೂ ಬಂದ್ರು. ರಮಾಮಣಿಯವರು ಎದ್ದು ಟ್ರಂಕಿನ ಮೇಲೆ ಕೂತರು. ಅವರು ಮಲಗೋ ಮಂಚ ಅವರೆದುರಿಗೇ ಕಳಚಿಕೊಂಡು ಹೋಯ್ತು. ಹೋಟ್ಲಿನ ಮಂಚ, ಏನಂತ ಬೇಡ ಅಂತಾರೆ? ಬಚ್ಚಲಿಂದ ಪಿಂಗಾಣಿ ತೊಟ್ಟಿಯನ್ನೂ ಕಿತ್ತರು.

ಮ್ಯಾನೇಜರ್ ಲಕ್ಷ್ಮೀನರಸಿಂಹಯ್ಯ ಒಳ್ಳೆ ಮನುಷ್ಯ. ಮನೆ ಚಾಮರಾಜಪುರಂನಲ್ಲಿ. ಅವರು ಬಂದು ಕೈಮುಗಿದ್ರು.

"ನಮ್ಮನೆಗೆ ಬಂದುಬಿಡಿ ಅಮ್ಮ, ಒಂದು ರಾತ್ರಿಗೆ. ನಮ್ಮವಳೂ ಹೇಳಿ ಕಳಿಸಿದಾಳೆ."

"ಬೇಡಪ್ಪ. ನಾಳೆ ಬೆಳಿಗ್ಗೆ ಅಣ್ಣ ಕಾರು ಕಳಿಸ್ತಾನೆ. ಕಾರು ಇಲ್ಲಿಗೆ ಬಂದು ನಾನಿಲ್ಲ ಅಂದ್ರೆ ಡ್ರೈವರು ಹೊರಟುಬಿಡ್ತಾನೆ. ಒಂದು ರಾತ್ರಿ ತಾನೆ."

ಅಷ್ಟರಲ್ಲಿ ಕೆಳಗೆ ಹಂಡೆಗಳ ಸರದಿ ಬಂತು. ಉರಿ ಆರಿಸಿ, ನೀರು ಚೆಲ್ಲಿ, ಮೂರನ್ನೂ ಅಂಗಳದ ಮೇಲೆ ಉರುಳಿಸಿದ್ರು. ಗುಡು... ಗುಡು... ಗುಡು... ಮರಿಸ್ವಾಮಿ ಪಕ್ಕದಲ್ಲಿ ನಿಂತು ನೋಡಿದ. ಮೇಲೆ ವರಾಂಡದಿಂದ ಅಮ್ಮಾವ್ರೂ ನೋಡ್ತಿದ್ರು.

"ಮರಿಸ್ವಾಮಿ, ಬೆಳಿಗ್ಗೆ ಬಿಸಿನೀರು ತರ್ತೀಯಲ್ಲ? ಒಂದೇ ಡಬ್ಬ ಸಾಕು. ಸ್ನಾನ ಮಾಡಿ ಕಾರು ಹತ್ತುತೀನಿ."

ಹಂಡೆ ಹೋಗಿದೆ ಅಂತ ಅವರಿಗೂ ಕಾಣ್ತಾ ಇದೆ. ಇವನು ತಲೆ ತಗ್ಗಿಸಿ ನಿಂತ. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ರಾತ್ರಿ ಹತ್ತರವರೆಗೂ ಗಾಡಿ ತುಂಬಿದ್ದು ತುಂಬಿದ್ದೇ. ಆ ಗದ್ದಲದ ನಡುವೆ, ಒಂಬತ್ತರ ಸುಮಾರಿಗೆ, ಮರಿಸ್ವಾಮಿಗೆ ಕೇಳಿಸಿತು... ಠಣ್... ಠಣ್... ಠಣ್... ಜುಯ್... ಇಪ್ಪತ್ತೇಳು. ಅವನ ಹೆಗಲ ಮೇಲೆ ಒಂದು ಬೀರುವಿನ ಭಾರ ಇತ್ತು. 'ನೀರು ಕೇಳ್ತಾ ಅವ್ರೆ, ನಾನೆಲ್ಲಿಂದ ತರ್ಲಿ' ಅಂದುಕೊಂಡ. ಮುಖ ತೋರಿಸೋಕೆ ನಾಚಿಕೆ. ಮೇಲೆ ಹೋಗಲೇ ಇಲ್ಲ.

ಆಮೇಲೆ ಮನೆಗೆ ಹೊರಟಿದ್ದು, ಬಾವಿ ಹತ್ತಿರ ಆಗಿದ್ದು... ಅದು ನಿಮಗೆ ಗೊತ್ತು.

ಆ ರಾತ್ರಿ ಅವನಿಗೆ ನಿದ್ದೆ ಹತ್ತಲಿಲ್ಲ. ನಾಲ್ಕು ಗಂಟೆಗೇ ಎದ್ದು ಮನೆಯ ಒಲೆಯಲ್ಲೇ ನೀರು ಕಾಯಿಸಿ, ಡಬ್ಬಕ್ಕೆ ಗೋಣಿತಾಟು ಸುತ್ತಿಕೊಂಡು ಹೋಟ್ಲಿಗೆ ಓಡಿದ. ಕಬ್ಬಿಣದ ಮೆಟ್ಟಿಲು ಹತ್ತಿ ಹಿಂಬಾಗಿಲು ತಟ್ಟಿದ. ಮಾತಿಲ್ಲ. ತಳ್ಳಿದ.

ತೊಟ್ಟಿ ಕಿತ್ತ ಜಾಗದಲ್ಲಿ ರಮಾಮಣಿಯವರು ಗೋಡೆಗೊರಗಿ ಕೂತಿದ್ರು. ಕಾಫಿ ಬಣ್ಣದ ಶಾಲು. ಎಡತೋಳಿನ ಮೇಲೆ ಮಡಿಸಿದ ಟವಲು. ಬಲಗೈಯಲ್ಲಿ ಚೊಂಬು. ಮೈ ಕಲ್ಲಿನ ಹಾಗೆ ತಣ್ಣಗಿತ್ತು. ಡಾಕ್ಟರು ಬಂದು ನೋಡಿ, ಪ್ರಾಣ ಹೋಗಿ ಬಹಳ ಹೊತ್ತಾಗಿದೆ, ನಿನ್ನೆ ರಾತ್ರಿ ಒಂಬತ್ತರ ಆಸುಪಾಸು ಅಂದ್ರು.

ಒಂಬತ್ತು. ಬಾವಿ ಹತ್ತಿರ ಅವನು "ತತ್ತೀನಿ" ಅಂದಾಗ ಹತ್ತೂವರೆ.

ಕಾರು ಬರಲಿಲ್ಲ. ಹನ್ನೊಂದು ಗಂಟೆಗೆ ತಂತಿ ಬಂತು, ರಮಾಮಣಿಯವರ ಹೆಸರಿಗೆ. ಲಕ್ಷ್ಮೀನರಸಿಂಹಯ್ಯ ಒಡೆದು ಓದಿದ್ರು. ಓದಿ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ರು.

"ಏನಂತೆ ಸ್ವಾಮಿ?" ಅಂದ ಮರಿಸ್ವಾಮಿ.

"ಈ ವಾರ ಕಾರು ಆಗೋದಿಲ್ಲವಂತೆ... ಅಲ್ಲೇ ಇರು, ಅಂತ ಬರೆದಿದಾನೆ."

ಅಣ್ಣ ಬಂದು ದಹನ ಮಾಡಿಸಿ, ಟ್ರಂಕು ತಗೊಂಡು ಹೋದ. ಕಟ್ಟಡಕ್ಕೆ ಬರ್ತಿದ್ದ ನಲ್ಲಿ ನೀರು, ಕರೆಂಟು ಎರಡೂ ಕಡಿದ್ರು. ಮರಿಸ್ವಾಮಿ ಕೆಲಸ ಹುಡುಕಿಕೊಂಡು ಊರೊಳಗಿನ ಹೊಸ ಲಾಡ್ಜುಗಳಿಗೆ ಹೋದ. "ನಮ್ಮಲ್ಲಿ ಬಾಯ್ಲರ್ ಇದೆ ಕಣಪ್ಪ. ನಲ್ಲಿ ತಿರುಗಿಸಿದ್ರೆ ಬಿಸಿನೀರು ಬರತ್ತೆ. ನಿನ್ನ ತಗೊಂಡು ಏನು ಮಾಡೋಣ?" ಅಂದ್ರು ಒಂದು ಕಡೆ. ಇನ್ನೊಂದು ಕಡೆ ಗೇಟಿನಿಂದಲೇ ಕಳಿಸಿದ್ರು. ಅವನಿಗಾಗಲೇ ಐವತ್ತು. ನೀರು ಕಾಯಿಸೋದು ಬಿಟ್ಟು ಬೇರೆ ಕೆಲಸ ಬರದು. ಹೊಲ ಅಣ್ಣತಮ್ಮಂದಿರ ಪಾಲಾಗಿತ್ತು.

ಆಗ ಲಕ್ಷ್ಮೀನರಸಿಂಹಯ್ಯನವರೇ ಕರೆಸಿದ್ರು. "ಕಟ್ಟಡ ಮಾರೋವರೆಗೂ ಒಬ್ಬ ಕಾವಲಿರಬೇಕಂತೆ ಮರಿಸ್ವಾಮಿ. ರಾತ್ರಿ ಅಲ್ಲೇ ಮಲಗಬೇಕು. ನೀನೇ ಇರಯ್ಯ."

ಬೇಡ ಅಂತ ಹೇಳೋಕೆ ಬಾಯಿ ತೆರೆದ. ಬೇಡ ಅಂದ್ರೆ ನಾಳೆ ಒಲೆ ಉರಿಯೋದು ಹೇಗೆ? "ಆಗ್ಲಿ ಸ್ವಾಮಿ" ಅಂದ.

ಹಂಡೆ ಇಲ್ಲದ ಶೆಡ್ಡಲ್ಲೇ ಚಾಪೆ ಹಾಸಿದ. ಒಂದು ವಾರ ಏನೂ ಇಲ್ಲ. ಮಂಚ, ಪರದೆ ಏನೂ ಇಲ್ಲದ ಕಟ್ಟಡ ನೋಡಿ, ಗಾಳಿ ಬೀಸಿದ್ರೆ ಡ್ಯಾನ್ಸ್ ಹಾಲಿನ ನೆಲ ಲಟಕ್ ಅನ್ನೋದು, ಇಲಿ ಓಡಿದ್ರೆ ಕುದುರೆ ಓಡಿದ ಹಾಗೆ ಕೇಳೋದು. ಅದಕ್ಕೆಲ್ಲ ಅವನು ಹೆದರೋನಲ್ಲ.

ಎಂಟನೇ ದಿನ. ಕಾಗೆ ಕೂಗೋಕೆ ಮುಂಚೆ.

ಠಣ್... ಠಣ್... ಠಣ್... ಜುಯ್...

ಎಚ್ಚರ ಆಯ್ತು. ಕನಸು ಅಂದುಕೊಂಡ. ಎದ್ದು ಕೂತ. ಇನ್ನೊಂದು ಸಲ. ಹೊರಗೆ ಬಂದು ಗೋಡೆಗೆ ಇಳಿದಿದ್ದ ಇಪ್ಪತ್ತೇಳರ ಪೈಪಿನ ಮೇಲೆ ಕೈಯಿಟ್ಟ. ಪೈಪು ಸಣ್ಣಗೆ ನಡುಗ್ತಿತ್ತು.

ಮಾರನೇ ದಿನವೂ ಅದೇ. ಅದರ ಮಾರನೇ ದಿನವೂ. ನಾಲ್ಕನೇ ದಿನ ಮನೆಗೆ ಹೋದಾಗ ಹೆಂಡತಿ ಮುಂದೆ ಎಲ್ಲ ಹೇಳಿಬಿಟ್ಟ. ಹರಾಜಿನ ರಾತ್ರಿ ಸದ್ದು ಕೇಳಿಯೂ ಮೇಲೆ ಹೋಗದೆ ಇದ್ದದ್ದನ್ನೂ ಹೇಳಿದ. ಶಿವನಂಜಮ್ಮ ಒಲೆಯ ಉರಿ ತಗ್ಗಿಸಿ ಅವನ ಎದುರಿಗೆ ಬಂದು ಕೂತಳು.

"ನೀನು ಬಾಯ್ಬುಟ್ಟು ತತ್ತೀನಿ ಅಂದಿದ್ದೀಯ" ಅಂದಳು. "ಸತ್ತೋರ್ಗೆ ಅಂದಿದ್ದೀಯ. ತಕ್ಕೊಂಡೋಗಿ ಮಡಗು. ನಿಂತೋದ್ರೂ ನಿಂತೋಯ್ತದೆ."

ಮನೆಯ ಮಣ್ಣಿನ ಗಡಿಗೆ ತಂದು, ಹಳೇ ಒಲೆಯ ಮೇಲಿಟ್ಟು, ತೋಟದ ಸೇದೋ ಬಾವಿಯಿಂದ ನೀರು ತುಂಬಿ, ಮೂರು ಗಂಟೆಗೆ ಉರಿ ಹಾಕಿದ. ಐದು ಗಂಟೆಗೆ ಒಂದು ಡಬ್ಬ ನೀರು ಹಿಡಿದು ಮೆಟ್ಟಿಲು ಹತ್ತಿದ. ಗಣಂಗ್... ಗಣಂಗ್... ಇಪ್ಪತ್ತೇಳರ ಹಿಂಬಾಗಿಲ ಹೊಸ್ತಿಲ ಮುಂದೆ ಇಟ್ಟ.

"ನೀರು ಮಡಗಿವ್ನಿ ಅಮ್ಮಾವ್ರೇ" ಅಂದ.

ಒಳಗಿನಿಂದ ಚಿಲಕ ಸರಿದ ಸದ್ದು. ಕಟಕ್...

ಇಳಿದದ್ದು ಹೇಗೆ ಅಂತ ಅವನಿಗೆ ಗೊತ್ತಿಲ್ಲ. ಬಿಸಿಲು ಬಂದ ಮೇಲೆ ಧೈರ್ಯ ಮಾಡಿ ಹೋಗಿ ನೋಡಿದ. ಬಾಗಿಲು ಹಾಕಿದ ಹಾಗೇ ಇತ್ತು. ಡಬ್ಬ ಇಟ್ಟ ಹಾಗೇ ಇತ್ತು. ನೀರು ಕಂಠಮಟ್ಟ, ಒಂದು ತೊಟ್ಟೂ ಕಡಿಮೆ ಆಗಿಲ್ಲ. ಆದರೆ ಕೈ ಅದ್ದಿದ್ರೆ... ಐಸು.

ಆದರೂ ಮಾರನೇ ದಿನ ಪೈಪು ಬಡಿಯಲಿಲ್ಲ. ಐದಕ್ಕೆ ಮುಂಚೆ ನೀರು ಇಟ್ಟರೆ ಸದ್ದಿಲ್ಲ. ದಿನಾ ಇಟ್ಟ. ಸಂಜೆ ಮನೆಗೆ ಬಂದಾಗ ಹೆಂಡತಿ "ಎಂಗೆ?" ಅನ್ನೋಳು, ಇವನು "ಸುಮ್ಕೆ ಅವ್ರೆ ಕನಮ್ಮಿ" ಅನ್ನೋನು. ಮುಖದಲ್ಲಿ ಒಂದು ಕಳೆ ಕೂಡ ಬಂದಿತ್ತು ಅಂತಾಳೆ ಶಿವನಂಜಮ್ಮ. ಅವನಿಗೆ ಮತ್ತೆ ಕೆಲಸ ಸಿಕ್ಕಿತ್ತಲ್ಲ.

ಹನ್ನೊಂದು ದಿನ ಹಾಗೆ ಕಳೆಯಿತು. ಹನ್ನೆರಡನೇ ದಿನ, ಇಪ್ಪತ್ತೇಳಕ್ಕೆ ನೀರಿಟ್ಟು ಇಳೀತಾ ಇದ್ದಾನೆ...

ಠಪ್... ಠಪ್...

ಒಡಕು ಸದ್ದು. ಮೆಟ್ಟಿಲ ನಡುವೆ ನಿಂತ. ಅದು ಇಪ್ಪತ್ತೊಂದು. ಇಪ್ಪತ್ತೊಂದರಲ್ಲಿ ಕೊನೆಗಿದ್ದವನು ಒಬ್ಬ ಕಾಡಿನ ಇಲಾಖೆಯ ದೊರೆ. ಐವತ್ತರಲ್ಲಿ ಹಡಗು ಹತ್ತಿದವನು. ಅವನು ಸತ್ತನೋ ಇದ್ದಾನೋ ಯಾರು ಬಲ್ಲರು?

ಇನ್ನೊಂದು ಡಬ್ಬ ಕಾಯಿಸಿ ಅಲ್ಲೂ ಇಟ್ಟ. ಇಡದೆ ಏನು ಮಾಡ್ತಾನೆ? ಒಬ್ಬರಿಗೆ ಕೊಟ್ಟು ಒಬ್ಬರಿಗೆ ಇಲ್ಲ ಅನ್ನೋಕಾಗತ್ಯೇ?

ಮೂರು ದಿನ ಬಿಟ್ಟು ಮೂವತ್ತನಾಲ್ಕು ಬಡೀತು. ಆಮೇಲೆ ಹತ್ತೊಂಬತ್ತು, ಮೂವತ್ತು. ಶಿವರಾತ್ರಿ ಹೊತ್ತಿಗೆ ಒಂಬತ್ತು ಪೈಪು. ನೋಡಿ, ಮೂರು ಹಂಡೆ ಇದ್ದ ಕಾಲದಲ್ಲಿ ಅವನ ಕೈಕೆಳಗೆ ಇನ್ನಿಬ್ಬರಿದ್ರು. ಈಗ ಒಬ್ಬ ಮನುಷ್ಯ, ಒಂದು ಗಡಿಗೆ, ಎರಡು ಡಬ್ಬ. ಮಧ್ಯರಾತ್ರಿಗೇ ಒಲೆ ಹಚ್ಚೋಕೆ ಶುರು ಮಾಡಿದ. ತೋಟದ ಒಣಕೊಂಬೆ ಮುಗೀತು. ಬೇಲಿಯ ಗಳು ಕಿತ್ತು ಉರಿ ಹಾಕಿದ. ಒಂದಕ್ಕೆ ಇಟ್ಟು ಬರೋದರಲ್ಲಿ ಇನ್ನೊಂದು ಬಡಿಯೋದು. ಬೇಗ ಹತ್ತಿದಷ್ಟೂ ಬೇಗ ಬಡಿಯೋದು. ಬೆಳಿಗ್ಗೆ ನೋಡಿದ್ರೆ ಇಟ್ಟ ನೀರೆಲ್ಲ ಇಟ್ಟಲ್ಲೇ, ತಣ್ಣಗೆ. ಅದನ್ನೆಲ್ಲ ಚೆಲ್ಲಿ ರಾತ್ರಿಗೆ ಹೊಸದಾಗಿ ಸೇದಬೇಕು.

ಊಟ ಸೇರದೆ ಹೋಯ್ತು. ಶಿವನಂಜಮ್ಮ ಒಂದು ದಿನ ಅಳುತ್ತ ಚಾಮರಾಜಪುರಂಗೆ ಹೋಗಿ ಮ್ಯಾನೇಜರ ಬಾಗಿಲಲ್ಲಿ ನಿಂತಳು. "ಒಂದು ಸಲ ಬಂದು ನೋಡಿ ಸ್ವಾಮಿ. ನನ್ ಗಂಡ ಉಳಿಯಾಕಿಲ್ಲ."

ಮಾರನೇ ದಿನ ನಸುಕಿನಲ್ಲೇ ಲಕ್ಷ್ಮೀನರಸಿಂಹಯ್ಯ ಮಫ್ಲರ್ ಸುತ್ತಿಕೊಂಡು ಸೈಕಲ್ ಮೇಲೆ ಬಂದ್ರು. ಇವನಿಗೆ ಬುದ್ಧಿ ಹೇಳಿ, ಆಸ್ಪತ್ರೆಗೆ ಸೇರಿಸೋಣ ಅಂತ ಬಂದಿದ್ದವರು. ಬಂದವರು ಸೈಕಲ್ ಹಿಡಿದುಕೊಂಡೇ ಅಂಗಳದ ನಡುವೆ ನಿಂತುಬಿಟ್ರು.

ಠಪ್... ಠಣ್... ಠಪ್ ಠಪ್... ಢಣ್...

"ಕೇಳಿಸ್ತಾ ಸ್ವಾಮಿ?" ಅಂದ ಮರಿಸ್ವಾಮಿ, ಸಣ್ಣ ದನಿಯಲ್ಲಿ.

ಅವರು ಮೇಲೆ ಸಾಲಾಗಿದ್ದ ಬಾಗಿಲುಗಳ ಕಡೆ ನೋಡ್ತಾ ತುಟಿ ಆಡಿಸ್ತಿದ್ರು. ಯಾವ ರೂಮಲ್ಲಿ ಯಾರಿದ್ರು ಅಂತ ಅವರಿಗೆ ಬಾಯಿಪಾಠ.

"ಮೂವತ್ತು... ಅವರು ತೀರಿಕೊಂಡು ಆರು ವರ್ಷ ಆಯ್ತಲ್ಲೋ" ಅಂದ್ರು.

"ನಿಲ್ಸಾಕೆ ಏನಾರ ಮಾಡಿ ಸ್ವಾಮಿ. ಕಂಪ್ನಿಗೆ ಬರೀರಿ."

"ಏನಂತ ಬರೀಲಿ ಮರಿಸ್ವಾಮಿ?" ಅಂದ್ರು. "ಹೋಟ್ಲು ಮುಚ್ಚಬೇಡಿ ಅಂತ ಎರಡು ವರ್ಷ ಬರೆದೆ, ಅದಕ್ಕೇ ಉತ್ತರ ಬರಲಿಲ್ಲ. ಇದನ್ನ ಬರೆದ್ರೆ ನನ್ನ ಹುಚ್ಚ ಅಂತಾರೆ. ನನ್ನ ಕೈಲಿ ಏನೂ ಆಗಲ್ಲ ಕಣಯ್ಯ..."

ಕಟ್ಟಡದ ಕಡೆ ತಿರುಗಿ ಕೈಮುಗಿದ್ರು. ಸೈಕಲ್ ಹತ್ತಲಿಲ್ಲ. ತಳ್ಳಿಕೊಂಡೇ ಗೇಟಿನವರೆಗೂ ಹೋದ್ರು. ಅವತ್ತಿನಿಂದ ಒಂದು ವಾರ ಅವರಿಗೆ ಜ್ವರ.

ಕೊನೆಯ ದಿನ ಹೇಳ್ತೀನಿ. ಶಿವರಾತ್ರಿ ಕಳೆದು ಹತ್ತು ಹನ್ನೆರಡು ದಿನ. ಚಳಿ ಹೋಗಿ ಸೆಕೆ ಶುರುವಾಗಿತ್ತು. ಬಿಸಿನೀರು ಯಾರಿಗೂ ಬೇಡದ ಕಾಲ. ಆ ನಸುಕಿನಲ್ಲಿ ಮೇಲಿನ ಹದಿನಾರೂ ಪೈಪು ಒಟ್ಟಿಗೆ ಬಡಿಯೋಕೆ ಶುರುವಾದ್ವು. ಒಂದು ಗಳಿಗೆ ಬಿಡುವಿಲ್ಲ. ಗೋಡೆ ಗೋಡೆಯೇ ಅದುರುತ್ತಿತ್ತು. ಮರಿಸ್ವಾಮಿ ಎರಡು ಡಬ್ಬ ಹಿಡಿದು ಹತ್ತಿದ. ಸುರುಳಿ ಮೆಟ್ಟಿಲಿನ ಅರ್ಧದಲ್ಲಿ ಮಂಡಿ ಮಡಚಿಕೊಳ್ತು. ಡಬ್ಬ ಕೈಜಾರಿ ಗಣ ಗಣ ಗಣ ಅಂತ ಕೆಳಗಿನವರೆಗೂ ಉರುಳಿದ್ವು. ಬಿಸಿನೀರೆಲ್ಲ ಚೆಲ್ಲಿಹೋಯ್ತು.

ಅವನು ಅಲ್ಲೇ ಕೂತ. ಎಷ್ಟೋ ದಿನದಿಂದ ಕಟ್ಟಿಕೊಂಡಿದ್ದದ್ದು ಬಾಯಿಗೆ ಬಂತು. ಮೇಲೆ ಮುಖ ಮಾಡಿ, ಅಳುತ್ತ, ಕೂಗಿದ.

"ಓಟ್ಲು ಮುಚ್ಚೋಗದೆ ಸ್ವಾಮಿ! ಅಂಡೆ ಇಲ್ಲ, ಆಳಿಲ್ಲ, ಯಾರೂ ಇಲ್ಲ! ನಾನೊಬ್ನೆ ಎಲ್ಲಿಂದ ತರ್ಲಿ? ನಿಮ್ ಕಾಲಿಗ್ ಬೀಳ್ತೀನಿ... ಎಲ್ರೂ ಒಂಟೋಗಿ... ಒಂಟೋಗ್ಬುಡಿ..."

ಪೈಪುಗಳು ನಿಂತವು. ಹದಿನಾರೂ, ಒಂದೇ ಸಲ.

ತೋಟದಲ್ಲಿ ಹುಳುವಿನ ಸದ್ದೂ ಇರಲಿಲ್ಲ. ಅವನ ಉಸಿರು ಅವನಿಗೇ ಕೇಳಿಸ್ತಿತ್ತು. ಆಮೇಲೆ ಇಪ್ಪತ್ತೇಳರ ಬಾಗಿಲ ಹಿಂದಿನಿಂದ, ಯಾವ ಕೋಪವೂ ಇಲ್ಲದೆ, ನಿಜವಾಗಲೂ ಗೊತ್ತಿಲ್ಲದವರು ಕೇಳೋ ಹಾಗೆ, ಆ ಪಿಸುಮಾತು ಬಂತು.

"ಎಲ್ಲಿಗೆ, ಮರಿಸ್ವಾಮಿ?"

ಅವನು ಬಿಸಿಲು ಮೆಟ್ಟಿಲ ಮೇಲೆ ಬೀಳೋವರೆಗೂ ಬಾಯಿ ತೆರೆದುಕೊಂಡು ಅಲ್ಲೇ ಕೂತಿದ್ದ. ಶಿವನಂಜಮ್ಮ ಹುಡುಕಿಕೊಂಡು ಬಂದು ಕೈಹಿಡಿದು ಇಳಿಸಿದಳು. ಇಬ್ಬರೂ ನೆಟ್ಟಗೆ ಚಾಮರಾಜಪುರಂಗೆ ಹೋಗಿ ಮ್ಯಾನೇಜರ ಕೈಗೆ ಬೀಗದ ಕೈ ಗೊಂಚಲು ಕೊಟ್ಟು ಬಂದ್ರು.

ಆಮೇಲೆ ಮರಿಸ್ವಾಮಿ ಒಂದು ಸೌದೆ ಡಿಪೋದಲ್ಲಿ ಕೆಲಸಕ್ಕೆ ಸೇರಿದ. ಮಾತು ಕಡಿಮೆಯಾಯ್ತು. ಯುಗಾದಿ ದಿನ ಮೊಮ್ಮಕ್ಕಳಿಗೆ ಎಣ್ಣೆ ಹಚ್ಚಿ ಬಿಸಿನೀರು ಕಾಯಿಸಿದ್ರೆ ಮನೆಯಿಂದ ಎದ್ದು ಹೋಗಿಬಿಡೋನು. ಹೊಗೆ ನಿಂತ ಮೇಲೆ ಬರೋನು. ಅರವತ್ತಮೂರರಲ್ಲಿ ಹೋದ.

ಕಟ್ಟಡಕ್ಕೆ ಬೇರೆ ಕಾವಲು ಸಿಗಲಿಲ್ಲ. ಹಾಗೇ ಬೀಗ ಹಾಕಿ ಬಿಟ್ಟಿದ್ರು. ಐವತ್ತೆಂಟರ ಮಾರ್ಚಿನಲ್ಲಿ ಯಾರೋ ಕೊಂಡು, ಸೈಟು ಮಾಡಿ ಮಾರೋಕೆ ಅಂತ ಕೆಡವಿಸಿದ್ರು. ಕೆಡವೋ ಕೆಲಸಕ್ಕೆ ಮೇಸ್ತ್ರಿ ನಮ್ಮೂರಿನ ಬೀರಯ್ಯ. ಮರಿಸ್ವಾಮಿ ಕತೆ ಅವನಿಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಮೂರೇ ಜನಕ್ಕೆ, ಅವರು ಬಾಯಿ ಬಿಟ್ಟಿರಲಿಲ್ಲ. ನೀರು ಕಡಿದು ಆಗಲೇ ಹದಿನಾಲ್ಕು ತಿಂಗಳು. ಮಳೆಗಾಲ ಹೋಗಿ, ಚಳಿ ಹೋಗಿ, ಸುಡೋ ಬೇಸಿಗೆ. ನೆಲ ಎಲ್ಲ ಬಿರುಕು ಬಿಟ್ಟಿತ್ತು.

ಮೇಲಿನ ಅಂತಸ್ತಿನ ಬಚ್ಚಲುಗಳ ಗಾರೆ ಒಡೆದು, ನೀರು ಹೋಗೋ ಮೋರಿ ಕಲ್ಲು ಎಬ್ಬಿಸಿದ್ರಂತೆ. ಹದಿನೈದು ರೂಮಲ್ಲಿ ಬರೀ ಧೂಳು, ಒಣಗಿದ ಹಲ್ಲಿ. ಇಪ್ಪತ್ತೇಳರಲ್ಲಿ ಕಲ್ಲು ಎತ್ತಿದಾಗ ಬೀರಯ್ಯನೇ ಬಗ್ಗಿ ನೋಡಿದನಂತೆ. ಮೋರಿ ತುಂಬ ಸೋಪಿನ ನೊರೆ. ಬೆಳ್ಳಗೆ, ಹಸಿಯಾಗಿ, ಗುಳ್ಳೆ ಇನ್ನೂ ಪಟ್... ಪಟ್... ಅಂತ ಒಡೀತಿತ್ತಂತೆ. ಬೆರಳು ಅದ್ದಿದನಂತೆ.

ಬೆಚ್ಚಗಿತ್ತು ಅಂದ.

ಬೀರಯ್ಯ ಕುಡಿಯೋನಲ್ಲ, ಸುಳ್ಳಾಡೋನೂ ಅಲ್ಲ. ನನ್ನ ಮುಂದೆಯೇ ಹೇಳಿದ್ದು ಅವನು. ನಡೆದದ್ದು ಇದು.